ರಿಬ್ಬನ್ ಕಟ್ಟಿಸಿಕೊಂಡು ನಿಂತ ಲಿಫ್ಟು

ನಮ್ಮ ಪ್ರಾಂತ್ಯದ ಮಾನ್ಯ ಮುಖ್ಯಮಂತ್ರಿಗಳಿಗೂ ಅಷ್ಟೇ ಮಾನ್ಯ ಉಪಮುಖ್ಯಮಂತ್ರಿಗಳಿಗೂ, ಯಾರ ಹೆಸರು ಮೊದಲು ಬಂದರೂ ಇನ್ನೊಬ್ಬರ ಪಕ್ಷದವರು ನನ್ನ ಅಂಗಡಿಯ ಗಾಜಿಗೆ ಕಲ್ಲು ಹೊಡೆಯದಿರಲಿ ಎಂಬ ಪ್ರಾರ್ಥನೆಯೊಂದಿಗೆ, ಸರ್ಕಾರಿ ಆಸ್ಪತ್ರೆಯ ಎದುರು ಕನ್ನಡಕ ಮಾರುವವನ ನಮಸ್ಕಾರಗಳು.

ಮಾನ್ಯರೇ,

ರಾಜಧಾನಿಯ ದೊಡ್ಡ ಸರ್ಕಾರವು "ನಿಮ್ಮ ಆಸ್ಪತ್ರೆ, ರಸ್ತೆ, ಶಾಲೆಗಳನ್ನು ಇನ್ನು ನೀವೇ ನೋಡಿಕೊಳ್ಳಿ" ಎಂದು ನಮ್ಮ ಪ್ರಾಂತ್ಯಕ್ಕೆ ಅಧಿಕಾರ ಬಿಟ್ಟುಕೊಟ್ಟ ಮೇಲೆ, ಪರಸ್ಪರ ಮುಖ ನೋಡದ ಎರಡು ಪಕ್ಷಗಳು ಒಂದೇ ಸಂಪುಟದಲ್ಲಿ ಕೂತು ನಮ್ಮನ್ನು ಆಳುವ ಭಾಗ್ಯ ಒದಗಿತು. ಅದರ ಫಲವಾಗಿಯೇ ಆಸ್ಪತ್ರೆಗೆ ಹೊಸ ಲಿಫ್ಟು ಬಂದಿದೆ. ಮೊಣಕಾಲಿನ ಚಿಕಿತ್ಸೆಯನ್ನು ಮೂರನೇ ಮಹಡಿಯಲ್ಲಿಟ್ಟ ಪುಣ್ಯಾತ್ಮರು ಯಾರೋ, ಅವರ ತಪ್ಪನ್ನು ತಿದ್ದಲೆಂದೇ ಬಂದ ಲಿಫ್ಟು. ಗುಂಡಿ ಒತ್ತಿದರೆ ದೀಪ ಹತ್ತುತ್ತದೆ, ಒಳಗೆ ಫ್ಯಾನೂ ತಿರುಗುತ್ತದೆ. ಆದರೆ ಬಾಗಿಲಿಗೆ ಅಡ್ಡಲಾಗಿ ರಿಬ್ಬನ್ ಕಟ್ಟಿದೆ, ಉದ್ಘಾಟನೆಯಾಗದೆ ಯಾರೂ ಹತ್ತುವಂತಿಲ್ಲ.

ಯಾವ ಫೋಟೋದಲ್ಲೂ ಒಬ್ಬರು ಇನ್ನೊಬ್ಬರಿಗಿಂತ ಮುಂದಿರಬಾರದೆಂದು ತಾವಿಬ್ಬರೂ ಸಹಿ ಹಾಕಿದ ಒಪ್ಪಂದವಿದೆಯಂತೆ. ಸೇತುವೆಯನ್ನು ಎರಡು ದಡಗಳಿಂದ ಉದ್ಘಾಟಿಸಿದಿರಿ, ಶಾಲೆಗೆ ಎರಡು ಬಾಗಿಲು ಇಡಿಸಿದಿರಿ, ಭಲೇ! ಈ ಹಾಳು ಲಿಫ್ಟಿಗೆ ಮಾತ್ರ ಒಂದೇ ಬಾಗಿಲು. ಮೊದಲು ಒಳಹೊಕ್ಕವರು ಹಿಂದಕ್ಕೆ ಸರಿದು ನಿಲ್ಲಬೇಕು, ಮೇಲೆ ಹೋದಾಗ ಕೊನೆಗೆ ಹೊರಬರಬೇಕು, ಅಲ್ಲಿ ಕಾದಿರುವ ಕ್ಯಾಮೆರಾಗಳಿಗೆ ಇನ್ನೊಬ್ಬರ ಬೆನ್ನ ಹಿಂದಿನಿಂದ ಇಣುಕುವ ಮುಖವಾಗಿ ಕಾಣಬೇಕು. ಹೆಗಲಿಗೆ ಹೆಗಲು ಕೊಟ್ಟು ಒಟ್ಟಿಗೇ ಹೋಗೋಣವೆಂದರೆ, ಜನಸೇವೆಯಲ್ಲಿ ತಾವಿಬ್ಬರೂ ಬೆಳೆಸಿಕೊಂಡಿರುವ ಮೈಕಟ್ಟಿಗೆ ಬಾಗಿಲು ಸಾಲದು. ಬಾಗಿಲನ್ನು ಅಗಲ ಮಾಡಿಸುವ ಕಡತ ಸಂಪುಟದ ಮುಂದಿದೆಯೆಂದು ಕೇಳಿ ನನ್ನ ಕಣ್ಣು ತುಂಬಿ ಬಂತು.

ಈ ಮಧ್ಯೆ ಒಂದು ಪಕ್ಷ ಕದ್ದು ರಿಬ್ಬನ್ ಕತ್ತರಿಸಿಬಿಟ್ಟೀತೆಂದು ಇನ್ನೊಂದು ಪಕ್ಷ ಕಾವಲಿಗೆ ಒಬ್ಬ ಕಾರ್ಯಕರ್ತನನ್ನು ಕೂರಿಸಿತು, ಅದನ್ನು ಕಂಡು ಮೊದಲನೆಯದೂ ಒಬ್ಬನನ್ನು ಕೂರಿಸಿತು. ರಿಬ್ಬನ್ನಿನ ಆ ತುದಿಯ ಸ್ಟೂಲಿನಲ್ಲಿ ದಪ್ಪ ಮೀಸೆಯವನು, ಈ ತುದಿಯಲ್ಲಿ ಬೋಳುತಲೆಯವನು. ಮೊದಮೊದಲು ಗುರುಗುಟ್ಟುತ್ತಿದ್ದವರು ಈಗ ಒಂದೇ ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದಾರೆ. ಇದು ಶಿಸ್ತುಕ್ರಮಕ್ಕೆ ಅರ್ಹವಾದ ವಿಷಯವೆಂದು ತಮ್ಮ ಗಮನಕ್ಕೆ ತರುತ್ತಿದ್ದೇನೆ.

ಇನ್ನು ನನ್ನ ಸ್ವಂತ ಗೋಳು. ಆಪರೇಷನ್ ಆಗಿರುವ ನನ್ನ ಅಮ್ಮನ ಮೊಣಕಾಲಿಗೆ ಆ ಮೂರನೇ ಮಹಡಿಯಲ್ಲಿ ವ್ಯಾಯಾಮ ಮಾಡಿಸಬೇಕು, ಈಗ ತಪ್ಪಿಸಿದರೆ ಕಾಲು ಇನ್ನೆಂದೂ ಮಡಚುವುದಿಲ್ಲವೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ. ಮೊನ್ನೆ ಮೊದಲ ತಿರುವಿನವರೆಗೆ ಹತ್ತಿದವಳು ಮೆಟ್ಟಿಲ ಮೇಲೇ ಕೂತು, "ಸಾಕು ಕಣೋ, ಇದ್ದಷ್ಟು ದಿನ ಕುಂಟ್ಕೊಂಡೇ ಇರ್ತೀನಿ" ಎಂದು ಅತ್ತುಬಿಟ್ಟಳು. ಕೈಹಿಡಿದು ಕೆಳಗಿಳಿಸಿಕೊಂಡು ಬಂದೆ, ಮಾನ್ಯರೇ. ಆದ್ದರಿಂದ ತಾವಿಬ್ಬರೂ ಏಡಿಗಳಂತೆ ಅಡ್ಡಡ್ಡ ನಡೆದಾದರೂ ಒಳಹೋಗಬೇಕೆಂದೂ, ಅದು ಗೌರವಕ್ಕೆ ಕುಂದೆನಿಸಿದರೆ ಇಡೀ ಆಸ್ಪತ್ರೆಯನ್ನು ಮೂರು ಮಹಡಿಯಷ್ಟು ನೆಲದೊಳಕ್ಕೆ ಇಳಿಸಿಕೊಡಬೇಕೆಂದೂ ಕೈಮುಗಿದು ಕೇಳಿಕೊಳ್ಳುತ್ತೇನೆ. ಆ ಕಾಮಗಾರಿಗೆ ಇಬ್ಬರೂ ಬೇರೆ ಬೇರೆ ಗುದ್ದಲಿಪೂಜೆ ಮಾಡಬಹುದು.

ಎರಡೂ ಪಕ್ಷಗಳಿಂದ ಸಮಾನ ದೂರದಲ್ಲಿ ನಿಂತಿರುವ
ತಮ್ಮ ವಿಶ್ವಾಸಿ,
ಕನ್ನಡಕದಂಗಡಿಯವನು

ತಾ.ಕ.: ಇಂದು ಮತ್ತೆ ಅಮ್ಮನನ್ನು ಪುಸಲಾಯಿಸಿ ಕರೆತಂದು, ಲಿಫ್ಟಿನ ಪಕ್ಕದ ಮೆಟ್ಟಿಲ ಬುಡದಲ್ಲಿ ಕೂರಿಸಿ, ಅಂಗಡಿಗೆ ಬಂದು ಇದಿಷ್ಟನ್ನೂ ಬರೆದೆ. ಮರಳಿ ಹೋದರೆ ಅವಳು ಅಲ್ಲಿರಲಿಲ್ಲ. ಅವಳ ಒದ್ದಾಟ ನೋಡಲಾರದೆ ಮೀಸೆಯವನೂ ಬೋಳುತಲೆಯವನೂ ರಿಬ್ಬನ್ನನ್ನು ಎರಡೂ ತುದಿಯಿಂದ ಮೇಲೆತ್ತಿ, ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಟ್ಟು, ಲಿಫ್ಟಿನಲ್ಲಿ ಅವಳ ಕೈಹಿಡಿದು ಮೇಲೆ ಕರೆದೊಯ್ದಿದ್ದರು. ಮಗನದೇ ಅಂಗಡಿಯಿದ್ದರೂ ಕನ್ನಡಕ ಮುಟ್ಟದ ಅಮ್ಮ, ಅವರ ಎದೆಯ ಮೇಲಿನ ಪಕ್ಷದ ಬಿಲ್ಲೆಗಳನ್ನು ಮಸುಕು ಮಸುಕಾಗಿ ಕಂಡು, ಅವರೇ ತಾವಿಬ್ಬರೆಂದು ತಿಳಿದುಬಿಟ್ಟಿದ್ದಾಳೆ. "ಸುಮ್ನೆ ಬೈತಿದ್ವಲ್ಲೋ, ಎಷ್ಟು ಒಳ್ಳೇವ್ರು ನಮ್ಮ ಮಂತ್ರಿಗಳು!" ಎಂದು ಬೀದಿಗೆಲ್ಲ ಸಾರುತ್ತಿದ್ದಾಳೆ. ನಾನು ತಿದ್ದಲು ಹೋಗಿಲ್ಲ. ಈ ಬೀದಿಯಲ್ಲಿ ತಮ್ಮ ಹೆಸರು ಇಷ್ಟು ಚೆನ್ನಾಗಿರುವುದು ಇದೇ ಮೊದಲು, ದಯವಿಟ್ಟು ಖುದ್ದಾಗಿ ಬಂದು ಕೆಡಿಸಿಕೊಳ್ಳಬೇಡಿ.