ಕೂತಲ್ಲೇ ಮಸ್ಕತ್

ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವಾಗ ಮೆಟಿಲ್ಡಾ ತನ್ನ ಬಾಯಿ ಮುಚ್ಚಿಕೊಂಡಿದ್ದರೆ ಅವಳ ಗಂಡ ಸೆಬಾಸ್ಟಿಯನ್‌ಗೆ ಈ ಗತಿ ಬರುತ್ತಿರಲಿಲ್ಲ. ಗಲ್ಫಿನ ಈ ಡಿಸ್ಕವರಿ ಗಾರ್ಡನ್ಸ್‌ನ ಫ್ಲ್ಯಾಟುಗಳಲ್ಲಿ ಬಾಲ್ಕನಿಗೆ ಬಾಲ್ಕನಿ ತಾಗಿಕೊಂಡೇ ಇರುತ್ತದೆ. ಒಂದು ಮನೆಯ ಒಗ್ಗರಣೆಗೆ ಇನ್ನೊಂದು ಮನೆಯವರು ಸೀನುತ್ತಾರೆ. ಪಕ್ಕದ ಮನೆಯ ಬೆಟ್ಟಿ ಬಾಯಿ ಸುಮ್ಮನೆ, "ಎಂತ ಮೆಟಿಲ್ಡಾ, ಇಷ್ಟು ಹೊತ್ತಲ್ಲಿ ಬಟ್ಟೆ?" ಎಂದು ಕೇಳಿದರು. ಅದಕ್ಕೆ ಇವಳು, "ನಾಳೆ ಇವರಿಗೆ ರೈಲಲ್ಲಿ ಹೋಗ್ಲಿಕ್ಕುಂಟು ಬಾಯಿ, ಮಸ್ಕತ್‌ಗೆ. ಬಿಸಿನೆಸ್ ಕ್ಲಾಸಂತೆ" ಎಂದುಬಿಟ್ಟಳು. ಉಳಿದದ್ದನ್ನು ಹೇಳಿದರೆ ಮಾತಿನ ತೂಕ ಇಳಿಯುತ್ತದೆಂದು ಹೇಳಲಿಲ್ಲ.

ಉಳಿದದ್ದೇನೆಂದರೆ, ಆ ರೈಲು ಓಡುವುದೇ ಇಲ್ಲ. ಕೊಲ್ಲಿ ದೇಶಗಳಿಗೆಲ್ಲ ರೈಲು ಬರುತ್ತದಂತೆ, ಇನ್ನೇನು ಬಂದೇ ಬಿಟ್ಟಿತಂತೆ ಎಂದು ಪೇಪರಿನವರು ಬರೆಯುತ್ತಿದ್ದ ವರ್ಷಗಳವು. ಅಬುಧಾಬಿಯ ಒಂದು ಪ್ರದರ್ಶನಕ್ಕಾಗಿ ಸೆಬಾಸ್ಟಿಯನ್‌ನ ಕಂಪನಿ ಪ್ಲೈವುಡ್ಡು, ಫೈಬರು ಸೇರಿಸಿ ಬಿಸಿನೆಸ್ ಕ್ಲಾಸಿನ ಒಂದು ಬೋಗಿಯನ್ನು ಕಟ್ಟಿತ್ತು. ಅದಕ್ಕೆ ಚಕ್ರವಿಲ್ಲ, ಕೆಳಗೆ ಹಳಿಯಿಲ್ಲ. ಇದೇ ಊರಿನ ರಾಸ್ ಅಲ್ ಖೋರ್‌ನ ವರ್ಕ್‌ಶಾಪಿನಲ್ಲಿ ನಾಲ್ಕು ಮರದ ತುಂಡುಗಳ ಮೇಲೆ ಕೂತಿತ್ತು. ಕಿಟಕಿಗಳ ಜಾಗದಲ್ಲಿ ಟಿವಿ ಪರದೆ, ಪರದೆಯಲ್ಲಿ ಓಡುವ ಮರಳುಗಾಡು, ಸೀಟಿನಡಿ ಕುಲುಕುವುದಕ್ಕೆ ಒಂದು ಮೋಟರು. ಯಾರಾದರೂ ಬೆಳಿಗ್ಗೆಯಿಂದ ಸಂಜೆಯವರೆಗೆ ಅದರಲ್ಲಿ ಕೂತು, ದೂರಪ್ರಯಾಣದ ಬಿಸಿನೆಸ್ ಕ್ಲಾಸಿನಲ್ಲಿ ಏನೇನು ಸುಖ ಸಿಗುತ್ತದೆಂದು ಸಂಜೆ ಬರುವ ಕ್ಲೈಂಟ್‌ಗೆ ಹೇಳಬೇಕಿತ್ತು.

ಕಾಸರಗೋಡು ಮೂಲದ ಮ್ಯಾನೇಜರ್ ಥಾಮಸ್ ಈ ಕೆಲಸಕ್ಕೆ ಸೆಬಾಸ್ಟಿಯನ್‌ನನ್ನೇ ಆರಿಸಿದ್ದ. "ಆಫೀಸಲ್ಲಿ ಕೂತ ಜಾಗದಿಂದ ಏಳದವರು ನೀವೊಬ್ಬರೇ. ಕ್ಲೈಂಟ್‌ಗೆ ಖುಷಿಯಾದ್ರೆ ಅವತ್ತು ಸಂಜೆಯೇ ನಿಮ್ಮ ವೀಸಾ ರಿನ್ಯೂಗೆ ಹಾಕಿಸ್ತೇನೆ. ಇಲ್ಲದಿದ್ರೆ ಖಲಾಸ್, ಊರಿಗೆ ಟಿಕೆಟ್ ಮಾಡುವಾ."

ಖಲಾಸ್ ಎಂದರೇನೆಂದು ಸೆಬಾಸ್ಟಿಯನ್ ಲೆಕ್ಕ ಹಾಕಿದ್ದ. ಅವನ ವೀಸಾ ಹೋದರೆ ಅದಕ್ಕೆ ನೇತುಬಿದ್ದ ಮೆಟಿಲ್ಡಾಳ ವೀಸಾ, ಮಗಳು ಆಶ್ಲೆಯ ವೀಸಾ ಎಲ್ಲ ಹೋದವು. ಆಶ್ಲೆಗೆ ಹತ್ತನೇ ಕ್ಲಾಸಿನ ಪರೀಕ್ಷೆ ಎದುರಿಗಿತ್ತು. ಏನೇ ಆಗಲಿ, ಸೀಟು ಬಿಟ್ಟು ಏಳಬಾರದೆಂದು ಅವನು ನಿರ್ಧರಿಸಿದ್ದ.

ಬೆಳಿಗ್ಗೆ ಬಾಗಿಲು ತೆರೆದರೆ ಬೆಟ್ಟಿ ಬಾಯಿ. ಕೈಯಲ್ಲಿ ಟೇಪು ಸುತ್ತಿ ಸುತ್ತಿ ಮಗುವಿನ ಗಾತ್ರಕ್ಕೆ ಬಂದಿದ್ದ ಒಂದು ಕಟ್ಟು.

"ಸೆಬಾಸ್ಟಿಯನ್ ಬಾಬ್, ಇದು ವೆರೋನಿಕಾಗೆ, ನನ್ನ ತಂಗಿಗೆ. ಬಾಣಂತಿ ಅಲ್ವಾ, ಲೇಹ್ಯ. ಮಸ್ಕತ್‌ನಲ್ಲಿ ರುವಿ ಅಂತ ಉಂಟು, ಅಡ್ರೆಸ್ ಮೇಲೆಯೇ ಬರ್ದಿದ್ದೇನೆ."

"ಬಾಯಿ, ನಾನು ಮಸ್ಕತ್‌ಗೆ ಹೋಗುದಿಲ್ಲ. ರಾಸ್ ಅಲ್ ಖೋರ್‌ಗೆ ಹೋಗುದು. ಅಲ್ಲಿ ಒಂದು ಬೋಗಿ ಉಂಟು, ಅದರಲ್ಲಿ ಸಂಜೆ ತನಕ ಕೂತು ಮನೆಗೆ ಬರುದು."

ಗಲ್ಫಿನಲ್ಲಿ ಪಾರ್ಸೆಲ್ ತಪ್ಪಿಸಿಕೊಳ್ಳುವವರು ಹೇಳುವ ನೆಪಗಳೆಲ್ಲ ಬೆಟ್ಟಿ ಬಾಯಿಗೆ ಗೊತ್ತು. ಲಗೇಜು ಫುಲ್ ಆಯಿತು, ಬ್ಯಾಗಿನ ಜಿಪ್ಪು ಹೋಯಿತು, ಅತ್ತೆಗೆ ಹುಷಾರಿಲ್ಲ, ಎಲ್ಲ ಕೇಳಿ ಮುಗಿದಿತ್ತು. ಓಡದ ರೈಲೊಂದರಲ್ಲಿ ಸುಮ್ಮನೆ ಕೂತು ಬರುತ್ತೇನೆಂಬ ಸುಳ್ಳನ್ನು ಮಾತ್ರ ಯಾರೂ ಇವತ್ತಿನವರೆಗೆ ಹೇಳಿರಲಿಲ್ಲ.

"ಬೇಡದಿದ್ರೆ ಬೇಡ ಅನ್ನಿ ಬಾಬ್. ಇಂಥದ್ದೆಲ್ಲ ಹೇಳ್ಬಾರ್ದು," ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಸೆಬಾಸ್ಟಿಯನ್‌ಗೆ ಯಾರ ಕಣ್ಣು ಒದ್ದೆಯಾದರೂ ಕೈ ತಾನಾಗಿ ಮುಂದೆ ಹೋಗುತ್ತದೆ. ಕಟ್ಟು ಕೈಗೆ ಬಂತು.

ಲಿಫ್ಟಿನ ಬಳಿ ಮೈಸೂರಿನ ಶಾಮಸುಂದರ ಕಾಯುತ್ತಿದ್ದರು. ಅವರ ಕಂಕುಳಲ್ಲಿ ಪ್ರೆಶರ್ ಕುಕ್ಕರ್.

"ನಮ್ಮ ಅನಿಕೇತ್ ಮಸ್ಕತ್ತಲ್ಲೇ ಇರೋದು ಸ್ವಾಮಿ. ಅಲ್ಲೂ ಕುಕ್ಕರ್ ಸಿಗತ್ತೆ, ಆದ್ರೆ ಅದ್ರಲ್ಲಿ ಬಿಸಿಬೇಳೆಬಾತ್ ಹದಕ್ಕೆ ಬರಲ್ವಂತೆ. ಬಿಸಿನೆಸ್ ಕ್ಲಾಸಲ್ಲಿ ಲಗೇಜಿಗೆ ಬರವಾ, ಇಟ್ಕೊಳಿ."

"ಸಾರ್, ಆ ರೈಲು ಓಡುದಿಲ್ಲ."

"ಲೇಟಾದ್ರೂ ಪರ್ವಾಗಿಲ್ಲ ಬಿಡಿ," ಎಂದು ಶಾಮಸುಂದರ ಕುಕ್ಕರನ್ನು ಅವನ ತೋಳಿಗೆ ಸಿಕ್ಕಿಸಿ, ತಾವೇ ಟ್ಯಾಕ್ಸಿ ನಿಲ್ಲಿಸಿ ಬಾಗಿಲು ಹಾಕಿ ಕಳಿಸಿದರು.

ವರ್ಕ್‌ಶಾಪಿನಲ್ಲಿ ಥಾಮಸ್ ಬಿಟ್ಟರೆ ನರಪಿಳ್ಳೆಯೂ ಇರಲಿಲ್ಲ. ಕೆಲಸದವರೆಲ್ಲ ಅಬುಧಾಬಿಗೆ ಸ್ಟಾಲು ಕಟ್ಟಲು ಹೋಗಿದ್ದರು. ಥಾಮಸ್ ಪಾರ್ಸೆಲ್‌ಗಳನ್ನು ನೋಡಿ ಬೈಯುವ ಬದಲು ಖುಷಿಪಟ್ಟ. "ಒಳ್ಳೇದೇ ಆಯ್ತು, ನಿಜವಾದ ಪ್ಯಾಸೆಂಜರ್ ಹಾಗೆ ಕಾಣ್ತೀರಿ. ಕ್ಲೈಂಟ್ ಅಬುಧಾಬಿಯಿಂದಲೇ ಕ್ಯಾಮೆರಾದಲ್ಲಿ ನೋಡ್ತಾ ಇರ್ತಾರೆ. ಏಳಬೇಡಿ, ಕೂಗಬೇಡಿ. ಯಲ್ಲಾ, ಹತ್ತಿ. ಹ್ಯಾಪಿ ಜರ್ನಿ."

ಹೊರಗಿನಿಂದ ಚಿಲಕ ಬಿತ್ತು.

ಒಳಗೆ ಚರ್ಮದ ಅಗಲವಾದ ಸೀಟುಗಳು, ಮೆತ್ತಗಿನ ಹಳದಿ ಬೆಳಕು, ಹೊಸ ಅಂಟಿನ ವಾಸನೆ. ಬೋಗಿ ಖಾಲಿ ಕಾಣಬಾರದೆಂದು ಥಾಮಸ್ ಮುಚ್ಚಿಹೋದ ಬಟ್ಟೆಯಂಗಡಿಯೊಂದರಿಂದ ಬೊಂಬೆಗಳನ್ನು ತಂದು, ಕೆಲವಕ್ಕೆ ಸೂಟು, ಕೆಲವಕ್ಕೆ ಅರಬರ ಬಿಳಿ ನಿಲುವಂಗಿ ಕಂದೂರಾ ತೊಡಿಸಿ ಸೀಟುಗಳಲ್ಲಿ ಕೂರಿಸಿದ್ದ. ಮುಖಗಳಲ್ಲಿ ಕಣ್ಣು ಮೂಗಿನ ಗುರುತಷ್ಟೇ ಇತ್ತು. ಎದುರಿನ ಸೀಟಿನ ಬೊಂಬೆ ನೇರ ಸೆಬಾಸ್ಟಿಯನ್‌ನ ಕಡೆಗೇ ತಿರುಗಿತ್ತು. ಅವನಿಗೆ ಅಭ್ಯಾಸಬಲದಿಂದ, "ನಮಸ್ಕಾರ" ಎನ್ನುವಷ್ಟರಲ್ಲಿ ನಾಚಿಕೆಯಾಯಿತು.

ಪರದೆಗಳಲ್ಲಿ ಮರಳು ಓಡತೊಡಗಿತು. ಸೀಟು ಹಿತವಾಗಿ ಕುಲುಕಿತು. ಸ್ವಲ್ಪ ಹೊತ್ತಿನಲ್ಲಿ ನೀಲಿ ಸಮವಸ್ತ್ರದ ಹುಡುಗಿಯೊಬ್ಬಳು ಹಿಂದಿನಿಂದ ಬಂದು ಬಿಸಿ ಟವೆಲ್ ಕೊಟ್ಟಳು. ಆಮೇಲೆ ಖರ್ಜೂರ, ಏಲಕ್ಕಿಯ ಕಾಫಿ. ಥಾಮಸ್ ಇಷ್ಟೆಲ್ಲ ಏರ್ಪಾಡು ಮಾಡಿದ್ದಾನಲ್ಲ ಎಂದು ಸೆಬಾಸ್ಟಿಯನ್‌ಗೆ ಅವನ ಮೇಲೆ ಗೌರವ ಹುಟ್ಟಿತು. ಹುಡುಗಿಯ ಎದೆಯ ಮೇಲೆ ಹೆಸರಿನ ಪಟ್ಟಿ ಇತ್ತು, ಪಟ್ಟಿಯಲ್ಲಿ ಹೆಸರಿರಲಿಲ್ಲ.

"ಕಾಲು ನೀಡಿ ಸರ್. ಬಿಸಿನೆಸ್ ಕ್ಲಾಸಲ್ಲಿ ಮಲಗಿದವರನ್ನು ನಾವು ಎಬ್ಬಿಸುದಿಲ್ಲ," ಎಂದಳು, ಮಂಗಳೂರಿನ ಚೊಕ್ಕ ಕನ್ನಡದಲ್ಲಿ.

ಅವನು ಕಾಲು ನೀಡಿದ, ನಿದ್ದೆ ಹತ್ತಿತು. "ಅಲ್ ಐನ್, ಅಲ್ ಐನ್" ಎಂದು ಸ್ಟೇಷನ್ನಿನ ಹೆಸರು ಕೂಗಿದ ದನಿಗೆ ಎಚ್ಚರವಾದಾಗ ಬಲಗಡೆಯ ಎರಡು ಸೀಟು ಖಾಲಿ. ಕಂದೂರಾದ ಬೊಂಬೆಗಳು ಅಲ್ಲಿರಲಿಲ್ಲ. ಸೀಟಿನ ಚರ್ಮದಲ್ಲಿ ಯಾರೋ ಆಗಷ್ಟೇ ಎದ್ದುಹೋದ ತಗ್ಗಿತ್ತು. ನೋಡುತ್ತಿದ್ದ ಹಾಗೆ ಅದು ನಿಧಾನಕ್ಕೆ ಉಬ್ಬಿ ಸಮವಾಯಿತು.

ಸೆಬಾಸ್ಟಿಯನ್‌ಗೆ ಎದ್ದು ಬಾಗಿಲು ಬಡಿಯಬೇಕೆನಿಸಿತು. ಆದರೆ ಮೂಲೆಯಲ್ಲಿ ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು. ಎದ್ದರೆ ವೀಸಾ ಹೋಯಿತು, ಆಶ್ಲೆಯ ಪರೀಕ್ಷೆ ಹೋಯಿತು. ಅವನು ತುಟಿ ಅಲುಗಿಸದೆ ಮನಸ್ಸಿನಲ್ಲೇ ಜಪಮಾಲೆ ಹಿಡಿದ. ಇಂಥ ಹೆದರಿಕೆಯಲ್ಲೂ ಮುಖದ ಮೇಲೆ ಬಿಸಿನೆಸ್ ಕ್ಲಾಸಿನ ಸಂತೋಷ ತೋರಿಸಬೇಕಾಗಿದ್ದದ್ದು ಅವನ ಕರ್ಮ.

ಹುಡುಗಿ ಮತ್ತೆ ಬಂದಳು. ಕೈಯಲ್ಲಿ ಸಣ್ಣದೊಂದು ಯಂತ್ರ.

"ಗಡಿ ಬಂತು ಸರ್. ಬೆರಳು ಇಡಿ."

"ಇಳಿದು ಲೈನಲ್ಲಿ ನಿಲ್ಲುದು ಬೇಡ್ವಾ?"

"ಅದೆಲ್ಲ ಆಚೆ ಬೋಗಿಯವರಿಗೆ. ನಿಮ್ಮಲ್ಲಿಗೆ ಗಡಿಯೇ ಬರ್ತದೆ."

ಅವಳು ಅವನ ಬೆರಳು ಹಿಡಿದು ಯಂತ್ರದ ಮೇಲೆ ಒತ್ತಿದಳು. ಅವಳ ಕೈ ಐಸಿನಲ್ಲಿಟ್ಟ ಬಂಗುಡೆ ಮೀನಿನಷ್ಟು ತಣ್ಣಗಿತ್ತು. ಯಂತ್ರ ಕುಂಯ್ ಎಂದಿತು. ಆಚೆ ಬೋಗಿ ಎಲ್ಲಿಂದ ಬಂತು, ಇರುವುದು ಇದೊಂದೇ ಅಲ್ಲವೆ ಎಂಬುದು ಅವನಿಗೆ ಹೊಳೆದದ್ದು ಅವಳು ಹೋದ ಮೇಲೆ. ಕಿವಿಗೊಟ್ಟರೆ ಗೋಡೆಯ ಆಚೆಯಿಂದ ಗುಜುಗುಜು ಮಾತು, ಮಗುವೊಂದರ ಅಳು, ಯಾರೋ ಕೆಮ್ಮಿದ ಸದ್ದು ಕೇಳುತ್ತಿತ್ತು.

"ಮಸ್ಕತ್" ಎಂಬ ಕೂಗು ಬಂದಾಗ ಬೋಗಿ ನಿಂತಿತು. ನಿಂತಿತು ಎನ್ನುವುದಕ್ಕೆ ಅದು ಓಡುತ್ತಲೇ ಇರಲಿಲ್ಲ. ಆದರೂ ಸೆಬಾಸ್ಟಿಯನ್ ಮುಂದಕ್ಕೆ ವಾಲಿದ. ಹುಡುಗಿ ಲೇಹ್ಯದ ಕಟ್ಟನ್ನೂ ಕುಕ್ಕರನ್ನೂ ಎತ್ತಿಕೊಂಡಳು. "ಇಲ್ಲಿ ಇಳಿಸುದು ಇಷ್ಟೇ ಅಲ್ವಾ ಸರ್?"

"ಹೌದು. ನಾನು... ನಾನೂ ಇಳಿಬೇಕಾ?"

"ನೀವು ಕೂತುಕೊಳ್ಳಿ. ಇಳಿಯುವವರು ಇಳೀತಾರೆ."

ಅವನು ಕಣ್ಣು ಮುಚ್ಚಿ ತೆರೆದಾಗ ಎದುರಿನ ಸೀಟೂ ಖಾಲಿಯಾಗಿತ್ತು. ಪರದೆಯಲ್ಲಿ ಮರಳಿನ ಬದಲು ಒಂದು ಪ್ಲಾಟ್‌ಫಾರಂ ಕಂಡಿತು. ಅದರ ಮೇಲೆ ಒಬ್ಬ ಗಂಡಸು ಬೆನ್ನು ಹಾಕಿ ನಡೆದು ಹೋಗುತ್ತಿದ್ದ. ಒಂದು ಕೈಯಲ್ಲಿ ಕಟ್ಟು, ಇನ್ನೊಂದರಲ್ಲಿ ಕುಕ್ಕರ್, ಎಡಭುಜ ಸ್ವಲ್ಪ ಕೆಳಗೆ. ಆ ನಡಿಗೆಯನ್ನು ಎಲ್ಲೋ ನೋಡಿದ ಹಾಗಿತ್ತು. ಅಷ್ಟರಲ್ಲಿ ಪರದೆ ಕಪ್ಪಾಯಿತು, ದೀಪವೂ ಹೋಯಿತು.

ಬಾಗಿಲು ತೆರೆದಾಗ ಥಾಮಸ್, ಅವನ ಹಿಂದೆ ಕ್ಲೈಂಟ್. ಬೊಂಬೆಗಳೆಲ್ಲ ಇದ್ದ ಇದ್ದ ಜಾಗದಲ್ಲೇ ಕೂತಿದ್ದವು, ಎದುರಿನದೊಂದನ್ನು ಬಿಟ್ಟು. ಲೇಹ್ಯದ ಕಟ್ಟೂ ಕುಕ್ಕರೂ ಇರಲಿಲ್ಲ. ಅದು ಕ್ಲೈಂಟ್‌ನ ಗಮನಕ್ಕಾಗಲಿ ಥಾಮಸ್‌ನ ಗಮನಕ್ಕಾಗಲಿ ಬರಲಿಲ್ಲ. ಅವರು ಸೆಬಾಸ್ಟಿಯನ್‌ನ ಕೈ ಕುಲುಕಿ, ಇಡೀ ದಿನ ಕ್ಯಾಮೆರಾದಲ್ಲಿ ನೋಡಿದೆ, ಇಷ್ಟು ನೆಮ್ಮದಿಯಾಗಿ ಕೂತ ಪ್ರಯಾಣಿಕನನ್ನು ಕಂಡಿಲ್ಲ, ಹೇಗಿತ್ತು ಹೇಳಿ ಎಂದರು.

ಇದ್ದದ್ದನ್ನು ಹೇಳಿದರೆ ವೀಸಾ ಉಳಿಯುವುದಿಲ್ಲ. "ಬಹಳ ಸುಖ ಸರ್," ಎಂದ ಸೆಬಾಸ್ಟಿಯನ್. "ಮಸ್ಕತ್ ಬಂದದ್ದೇ ಗೊತ್ತಾಗಲಿಲ್ಲ."

ಕ್ಲೈಂಟ್ ಹೊಟ್ಟೆ ತುಂಬ ನಕ್ಕು ಅಲ್ಲೇ ಒಪ್ಪಿಗೆ ಕೊಟ್ಟರು. ಅವರು ಆಚೆ ಹೋದ ಮೇಲೆ ಸೆಬಾಸ್ಟಿಯನ್ ಮೆಲ್ಲಗೆ ಕೇಳಿದ, "ಆ ಹುಡುಗಿ ಹೋದಳಾ ಸರ್?"

"ಯಾವ ಹುಡುಗಿ?"

"ಕಾಫಿ ಕೊಟ್ಟವಳು."

"ಕಾಫಿ, ಹುಡುಗಿ, ಇದಕ್ಕೆಲ್ಲ ಬಜೆಟ್ ಎಲ್ಲುಂಟು ಮಾರಾಯ್ರೆ? ನಿಮಗೆ ಒಂದು ಬಾಟಲಿ ನೀರಿಡ್ಲಿಕ್ಕೂ ಮರ್ತಿದ್ದೆ," ಎಂದ ಥಾಮಸ್. "ಹೋಗಿ ಮಲಗಿ. ವೀಸಾಕ್ಕೆ ಈಗಲೇ ಹಾಕಿಸ್ತೇನೆ."

ಟ್ಯಾಕ್ಸಿಯಲ್ಲಿ ಸೆಬಾಸ್ಟಿಯನ್‌ಗೆ ಹುಡುಗಿಗಿಂತ ಹೆಚ್ಚಿನ ಹೆದರಿಕೆ ಬೆಟ್ಟಿ ಬಾಯಿಯದ್ದಾಗಿತ್ತು. ಲೇಹ್ಯ ಎಲ್ಲಿ ಎಂದರೆ ಏನು ಹೇಳುವುದು? ಮನೆಯ ಬಾಗಿಲು ತೆರೆದರೆ ಅವರು ಆಗಲೇ ಸೋಫಾದ ಮೇಲೆ ಕೂತಿದ್ದರು. ಪಕ್ಕದಲ್ಲಿ ಶಾಮಸುಂದರ. ಇಬ್ಬರ ಮುಖವೂ ಅರಳಿತ್ತು.

"ಪಾರ್ಸೆಲ್ ಮುಟ್ಟಿತಂತೆ ಬಾಬ್. ವೆರೋನಿಕಾ ಈಗ ಫೋಟೋ ಕಳ್ಸಿದ್ಲು. ನೀವು ಇಷ್ಟು ಬೇಗ ಹೇಗೆ ವಾಪಸ್ ಬಂದ್ರಿ?"

ಮೊಬೈಲಿನಲ್ಲಿ ವೆರೋನಿಕಾಳ ಮನೆ. ಕೂಸನ್ನು ಎತ್ತಿಕೊಂಡು ನಿಂತಿದ್ದವನು ಸೆಬಾಸ್ಟಿಯನ್. ಅದೇ ಬೊಕ್ಕತಲೆ, ಕೆಳಗಿಳಿದ ಅದೇ ಎಡಭುಜ. ನಗು ಮಾತ್ರ ಬೇರೆ. ಇವನು ಜನ್ಮದಲ್ಲಿ ಅಷ್ಟು ಚೆನ್ನಾಗಿ ನಕ್ಕಿರಲಿಲ್ಲ.

"ನಮ್ಮ ಅನಿಕೇತ್‌ಗಂತೂ ನೀವು ತುಂಬಾ ಹಿಡಿಸಿಬಿಟ್ರಿ ಸ್ವಾಮಿ," ಎಂದರು ಶಾಮಸುಂದರ. "ಅದೇ ಕುಕ್ಕರಲ್ಲಿ ಬಾತ್ ಮಾಡಿ ಬಡಿಸಿದ್ರಂತೆ. ಇಲ್ಲಿ ನೋಡಿದ್ರೆ ಲಿಫ್ಟಲ್ಲಿ ಒಂದು ಮಾತಾಡಲ್ಲ ನೀವು."

ಆಶ್ಲೆ ಫೋಟೋವನ್ನು ದೊಡ್ಡದು ಮಾಡಿ ನೋಡಿದಳು. "ಪಪ್ಪಾ, ಯೂ ಲುಕ್ ಸೋ ನೈಸ್ ಹಿಯರ್." ಮೆಟಿಲ್ಡಾ ಫೋಟೋವನ್ನು ಬಹಳ ಹೊತ್ತು ನೋಡಿದಳು. ಸೆಬಾಸ್ಟಿಯನ್ ಕುರ್ಚಿ ಎಳೆದು ಕೂತ.

ಆಗ ಥಾಮಸ್‌ನ ಫೋನು. ವೀಸಾದ ಸುದ್ದಿ ಎಲ್ಲರೂ ಕೇಳಲೆಂದು ಸೆಬಾಸ್ಟಿಯನ್ ಸ್ಪೀಕರಿಗೆ ಹಾಕಿದ.

"ಸೆಬಾಸ್ಟಿಯನ್, ಎಲ್ಲಿದ್ದೀರಿ?"

"ಮನೇಲಿ ಸರ್."

"ಸಿಸ್ಟಮಲ್ಲಿ ನೀವು ದೇಶದಲ್ಲೇ ಇಲ್ಲ ಅಂತ ಬರ್ತದೆ. ಮಧ್ಯಾಹ್ನ ಬೆರಳು ಕೊಟ್ಟು ಗಡಿ ದಾಟಿದ್ದೀರಂತೆ. ಹೊರಗಿರುವವರ ವೀಸಾ ರಿನ್ಯೂ ಮಾಫಿ, ಆಗುದೇ ಇಲ್ಲ. ಮೊದ್ಲು ಒಳಗೆ ಬನ್ನಿ."

"ಒಳಗೇ ಇದ್ದೇನೆ ಸರ್."

"ಹಾಗಾದ್ರೆ ಒಮ್ಮೆ ಹೊರಗೆ ಹೋಗಿ, ಎಂಟ್ರಿ ಹಾಕಿಸಿಕೊಂಡು ಬನ್ನಿ."

"ಹೊರಗಿರುವವನನ್ನು ಇನ್ನೊಮ್ಮೆ ಹೊರಗೆ ಹೇಗೆ ಬಿಡ್ತಾರೆ ಸರ್?"

ಮೆಟಿಲ್ಡಾ ದುಪಟ್ಟಾವನ್ನು ಸೆರಗಿನ ಹಾಗೆ ಬಾಯಿಗೆ ಒತ್ತಿಕೊಂಡಳು. ಅಷ್ಟರಲ್ಲಿ ಬೆಟ್ಟಿ ಬಾಯಿಯ ಮೊಬೈಲು ಟಿಂಗ್ ಎಂದಿತು. ಅವರು ಗಟ್ಟಿಯಾಗಿ ಓದಿದರು.

"ವೆರೋನಿಕಾ. ಸೆಬಾಸ್ಟಿಯನ್ ಬಾಬ್ ಊಟ ಮಾಡಿ, ಹಲ್ವ ತಕ್ಕೊಂಡು, ಈಗಷ್ಟೇ ರೈಲು ಹತ್ತಿದ್ರಂತೆ. ಬೆಳಿಗ್ಗೆ ಇಲ್ಲಿ ಮುಟ್ತಾರಂತೆ."

ಫೋನಿನಾಚೆ ಥಾಮಸ್ ದೊಡ್ಡ ಉಸಿರು ಬಿಟ್ಟ. "ಅಬ್ಬ, ಹಾಗಾದ್ರೆ ತೊಂದರೆಯೇ ಇಲ್ಲ. ಗಡಿಯಲ್ಲಿ ಬೆರಳು ಕೊಟ್ಟ ಕೂಡ್ಲೇ ಎಂಟ್ರಿ ಬೀಳ್ತದೆ. ಬೆಳಿಗ್ಗೆ ಬಂದವರನ್ನು ಹಾಗೇ ವೀಸಾದ ಮೆಡಿಕಲ್ ಟೆಸ್ಟಿಗೆ ಕಳ್ಸಿ ಮೆಟಿಲ್ಡಾ. ನಿಮ್ಮದೂ ಮಗಳದ್ದೂ ಅದರೊಟ್ಟಿಗೇ ಮಾಡಿಸ್ತೇನೆ. ಪರೀಕ್ಷೆಗೆ ಓದ್ಲಿಕ್ಕೆ ಹೇಳಿ ಅವಳಿಗೆ."

ಮೆಟಿಲ್ಡಾ ಶಿಲುಬೆಯ ಗುರುತು ಮಾಡಿಕೊಂಡಳು. ಆಶ್ಲೆ ಪುಸ್ತಕ ತರಲು ಕೋಣೆಗೆ ಹೋದಳು. ಬೆಟ್ಟಿ ಬಾಯಿ, ಶಾಮಸುಂದರ ಎದ್ದು, ಬೆಳಿಗ್ಗೆ ಅವರು ಬಂದ ಮೇಲೆ ಮತ್ತೆ ಬರುತ್ತೇವೆಂದು ಹೊರಟರು.

ಸೆಬಾಸ್ಟಿಯನ್ ಫೋನನ್ನು ಬಾಯಿಯ ಹತ್ತಿರ ಹಿಡಿದ.

"ಸರ್, ಮತ್ತೆ ನಾನು?"

ಥಾಮಸ್ ಬಹಳ ಮರ್ಯಾದೆಯಿಂದ ಕೇಳಿದ.

"ನೀವು ಯಾರು ಮಾತಾಡುದು?"