ಡೆನ್ಮಾರ್ಕಿನ ಕುರ್ಚಿ

ಎಲ್ಲ ಅನಾಹುತಕ್ಕೂ ಕಾರಣ ಇಂಗ್ಲಿಷಿನ ಒಂದೇ ಒಂದು ‘ವೈ’. ಸಿಡ್ನಿಯ ಕ್ವೇಕರ್ಸ್ ಹಿಲ್ ಕನ್ನಡ ಕೂಟದ ಸೆಕ್ರೆಟರಿ ಚಕ್ರಪಾಣಿ ರಾಜ್ಯೋತ್ಸವದ ಕರಪತ್ರವನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡುವಾಗ ಆ ಅಕ್ಷರವನ್ನು ನುಂಗಿಬಿಟ್ಟ. ರಾಜ್ಯೋತ್ಸವ ‘ರಾಜೋತ್ಸವ’ವಾಯಿತು. ಹಾಲ್ ನೋಡಿಕೊಳ್ಳುವ ಹೆಂಗಸು ಯಾರನ್ನೋ ಅರ್ಥ ಕೇಳಿದಳು. ರಾಜರ ಹಬ್ಬ ಎಂದರು. ಟಾಸ್ಮೇನಿಯಾದ ಹುಡುಗಿಯೊಬ್ಬಳು ಡೆನ್ಮಾರ್ಕಿನ ಯುವರಾಜನ ಕೈಹಿಡಿದು, ಇಡೀ ಆಸ್ಟ್ರೇಲಿಯಕ್ಕೆ ಡೆನ್ಮಾರ್ಕಿನ ಹುಚ್ಚು ಹಿಡಿದಿದ್ದ ವರ್ಷ ಅದು. ರಾಜರೆಂದರೆ ಡೆನ್ಮಾರ್ಕಿನವರೇ ಇರಬೇಕೆಂದುಕೊಂಡ ಹಾಲ್‌ನ ಹೆಂಗಸು ಡ್ಯಾನಿಶ್ ಕ್ಲಬ್ಬಿಗೂ ಸುದ್ದಿ ಮುಟ್ಟಿಸಿದ್ದಳು. ಕಾರ್ಯಕ್ರಮದ ದಿನ ಬೆಳಿಗ್ಗೆ ಅವಳ ಫೋನ್ ಬಂತು. ಸಂಜೆ ಡ್ಯಾನಿಶ್ ಕ್ಲಬ್ಬಿನ ಹಿರಿಯರು ಬರುತ್ತಾರೆ, ತಮ್ಮ ಹಳೆಯ ರಾಜರ ನಾಟಕ ನೋಡಲು ಕಾತರದಿಂದಿದ್ದಾರೆ ಎಂದಳು.

ಅಂದೇ ಕಾರ್ಯಕ್ರಮದ ಕೊನೆಯಲ್ಲಿ ಚಕ್ರಪಾಣಿ ಸೆಕ್ರೆಟರಿಗಿರಿಯನ್ನು ಕೆಲ್ಲಿವಿಲ್‌ನ ರಾಘವ್‌ಗೆ ಒಪ್ಪಿಸಿ ಕೈತೊಳೆದುಕೊಳ್ಳಬೇಕಿತ್ತು. ಗಂಡನ ಭಾನುವಾರಗಳನ್ನೆಲ್ಲ ಕೂಟಕ್ಕೆ ಕಳೆದುಕೊಂಡಿದ್ದ ಜಯಲಕ್ಷ್ಮಿ ಖಡಾಖಂಡಿತವಾಗಿ ಹೇಳಿದ್ದಳು: “ಇವತ್ತು ಆ ಕೆಲ್ಸ ಬಿಟ್ಟು ಬಂದ್ರೆ ಮನೆ. ಇಲ್ದಿದ್ರೆ ಹಾಲ್‌ನಲ್ಲೇ ಮಲ್ಕೊಳ್ಳಿ.”

ತಪ್ಪು ಮಾಡಿದವನೇ ನಾಟಕವನ್ನೂ ಮಾಡಲಿ ಎಂದು ಅಧ್ಯಕ್ಷ ಪಂಚಾಕ್ಷರಯ್ಯನವರು ತೀರ್ಪು ಕೊಟ್ಟರು. ಚಕ್ರಪಾಣಿ ಲೈಬ್ರರಿಗೆ ಓಡಿದ. ಅಲ್ಲಿ ಒಂದು ಪುಸ್ತಕದಲ್ಲಿ ಸಿಕ್ಕಿದ್ದು ಡೆನ್ಮಾರ್ಕನ್ನು ಒಬ್ಬರಾದ ಮೇಲೊಬ್ಬರು ಆಳಿದ, ಒಂದೇ ಅಪ್ಪನ ಮೂವರು ಮಕ್ಕಳ ಕತೆ. ನೇಗಿಲಿಗೂ ತೆರಿಗೆ ಹಾಕಿದ ಎರಿಕ್‌ನನ್ನು ತಮ್ಮ ಅಬೆಲ್ ಕೊಲ್ಲಿಸಿದನಂತೆ. ಅಬೆಲ್‌ನನ್ನು ಚಕ್ರ ಮಾಡುವ ಬಡಗಿಯೊಬ್ಬ ಕೊಂದನಂತೆ. ಕೊನೆಯ ತಮ್ಮ ಕ್ರಿಸ್ಟೋಫರನಿಗೆ ಪೂಜೆಯ ದ್ರಾಕ್ಷಾರಸದಲ್ಲೇ ವಿಷ ಬೆರೆಸಿದರೆಂದು ಪುಕಾರು. ಚಕ್ರಪಾಣಿಗೆ ಹೋದ ಜೀವ ಬಂತು. ಮಾತೇ ಬೇಕಿಲ್ಲ, ಕುರ್ಚಿಯಲ್ಲಿ ಕೂರಬೇಕು, ಸಾಯಬೇಕು, ಅಷ್ಟೆ.

ಕೊಲ್ಲಲು ಕೂಟದವರೆಲ್ಲ ತುದಿಗಾಲಲ್ಲಿ ನಿಂತರು, ಸಾಯಲು ಒಬ್ಬನೂ ಬರಲಿಲ್ಲ. ಹೇಗೂ ನಾಳೆಯಿಂದ ಎಲ್ಲ ನಿನ್ನ ತಲೆಗೇ ತಾನೆ ಎಂದು ಮೂರೂ ಸಾವನ್ನು ರಾಘವ್‌ಗೆ ಕಟ್ಟಿದರು. ಚಕ್ರ ಮಾಡುವವನ ಪಾತ್ರ, ಹೆಸರೇ ಹಾಗಿರುವುದರಿಂದ, ಚಕ್ರಪಾಣಿಗೆ ಬಂತು. ಪ್ಲಾಸ್ಟಿಕ್ ಕುರ್ಚಿಗೆ ಜಯಲಕ್ಷ್ಮಿಯ ಧರ್ಮಾವರಂ ಸೀರೆ ಹೊದಿಸಿದ್ದೇ ಸಿಂಹಾಸನ.

ಸಂಜೆ ಮೊದಲ ಕೊಲೆಗಾರನಾದ ಕೂಟದ ಸಿದ್ದಣ್ಣ ರಟ್ಟಿನ ಕತ್ತಿ ಬೀಸಿದ ರಭಸಕ್ಕೆ ಎರಿಕ್ ಕುರ್ಚಿಸಮೇತ ಉರುಳಿದ. ಮುಂದಿನ ಸಾಲಿನಲ್ಲಿದ್ದ ಹೆಂಡತಿಯ ಮುಖ ನೋಡುತ್ತಲೇ ಚಕ್ರಪಾಣಿ ಬಡಗಿಯ ಸುತ್ತಿಗೆಯೆಂದು ಬೀಸಿದ ಲಟ್ಟಣಿಗೆ ಗುರಿ ತಪ್ಪಿ, ಅಬೆಲ್‌ನ ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಬುಗುಟು ಎದ್ದಿತು. ಹಾಲ್‌ನಲ್ಲಿ ದ್ರಾಕ್ಷಾರಸ ನಿಷಿದ್ಧವಾದ್ದರಿಂದ ಅಡುಗೆಯ ಉಸ್ತುವಾರಿಯ ಜಲಜಾ ಲೋಟಕ್ಕೆ ಸಾರು ತುಂಬಿ ಕೊಟ್ಟಿದ್ದಳು. ಬ್ಯಾಡಗಿ ಎಂದುಕೊಂಡು ಅದಕ್ಕೆ ಗುಂಟೂರು ಮೆಣಸಿನಕಾಯಿ ಅರೆದುಹಾಕಿದ್ದಳು. ಕ್ರಿಸ್ಟೋಫರ್ ಕೆಮ್ಮಿ, ಕಣ್ಣೀರಿಟ್ಟು, ಹೊರಳಾಡಿ ಪ್ರಾಣಬಿಟ್ಟ. ಡ್ಯಾನಿಶ್ ಹಿರಿಯರು ಎದ್ದುನಿಂತು ಚಪ್ಪಾಳೆ ತಟ್ಟಿದರು. ಅವರ ಪೈಕಿ ತೀರಾ ಮುದುಕರಾದ ಹೆನ್ನಿಂಗ್ ಕಣ್ಣೊರೆಸಿಕೊಂಡರು.

ಗೆದ್ದೆನೆಂದು ಚಕ್ರಪಾಣಿ ಹೊಸ ಸೆಕ್ರೆಟರಿಗೆ ಹಾಕುವ ಹಾರ ಹಿಡಿದು ರಾಘವ್‌ನನ್ನು ಅದೇ ಕುರ್ಚಿಗೆ ಕರೆದ.

ರಾಘವ್ ಬುಗುಟು ಸವರಿಕೊಂಡ. “ಸಾರ್, ಆ ಕುರ್ಚೀಲಿ ಕೂತೋರು ಯಾರಾದ್ರೂ ಉಳಿದ್ರಾ? ನಂಗೆ ಮನೆ ಸಾಲ, ಮಾರ್ಟ್‌ಗೇಜ್ ಇದೆ, ಬಿಟ್ಬಿಡಿ.”

ಉಳಿದವರು ಊಟದ ಸಾಲಿನತ್ತ ಮುಖ ತಿರುಗಿಸಿದರು. ಚಕ್ರಪಾಣಿಗೆ ಪುಸ್ತಕದ ಕೊನೆಯ ಪುಟ ನೆನಪಾಯಿತು. ಮುಂದೊಂದು ಕಾಲಕ್ಕೆ ಡೆನ್ಮಾರ್ಕು ಎಂಟು ವರ್ಷ ರಾಜನಿಲ್ಲದೆಯೇ ಇತ್ತು, ಕೂಟವೂ ಹಾಗೇ ಇರಲಿ ಎಂದು ಇಂಗ್ಲಿಷಿನಲ್ಲೇ ಗೋಗರೆದ. ಹೆನ್ನಿಂಗ್ ಗಂಭೀರವಾಗಿ ತಲೆಯಾಡಿಸಿ, ನಿಜ, ಆದರೆ ಆಗ ಇಡೀ ದೇಶವೇ ಸಾಲಕ್ಕೆ ಅಡಮಾನವಾಗಿತ್ತು ಎಂದರು. ಪಂಚಾಕ್ಷರಯ್ಯನವರು ಬೆಚ್ಚಿಬಿದ್ದು ಹಾರ ಕಿತ್ತುಕೊಂಡು ಚಕ್ರಪಾಣಿಯ ಕೊರಳಿಗೇ ಹಾಕಿದರು.

ಜಯಲಕ್ಷ್ಮಿ ಮೆಟ್ಟಿಲೇರಿ ಬಂದು ಕುರ್ಚಿಯಿಂದ ಸೀರೆ ಎಳೆದು ಮಡಚಿಕೊಂಡಳು. “ಕುರ್ಚಿ ನಿಮ್ದು, ಸೀರೆ ನಂದು. ಕಾರ್ ಕೀ ಕೊಡಿ.”

ಬೋಳು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಸಿದ ಚಕ್ರಪಾಣಿಗೆ ಅಳುವೇ ಬಂತು. ಹೆನ್ನಿಂಗ್ ಹತ್ತಿರ ಬಂದು ಅವನ ಭುಜದ ಮೇಲೆ ಕೈಯಿಟ್ಟರು. ಮನೆಗೆ ಬಿಡುತ್ತಾರೇನೋ ಎಂದು ಅವನು ಆಸೆಯಿಂದ ತಲೆಯೆತ್ತಿದ. ಮುದುಕರು ಬಗ್ಗಿ ಕಿವಿಯಲ್ಲಿ ಮೆಲ್ಲಗೆ ಹೇಳಿದರು: ಡ್ಯಾನಿಶ್ ಕ್ಲಬ್ಬಿಗೂ ಎಂಟು ವರ್ಷದಿಂದ ಸೆಕ್ರೆಟರಿ ಇಲ್ಲ.