ಬೀಗ ಬಿದ್ದ ಕೋಣೆಯಲ್ಲಿ ಹಿರಿಯರ ಎಲೆ

"ಈ ದೀಪಾವಳಿಗೆ ನನ್ನ ಬೊಳ್ಳುವಿನ ಬಾಲದ ತುದಿಯೂ ನಡುಗಕೂಡದು!"

ಇಂದಿರಾಪುರಂನ ಹನ್ನೊಂದನೇ ಮಹಡಿಯಲ್ಲಿ ನಿಂತು ಮೋನಪ್ಪ ಹೀಗೆ ಸಾರಿದಾಗ, ಚಕ್ರವರ್ತಿಯೊಬ್ಬ ದಂಡಯಾತ್ರೆಗೆ ಹೊರಟಂತಿತ್ತು. ಬೊಳ್ಳು ಅವನ ಬಿಳಿ ನಾಯಿ. ಪಟಾಕಿ ಹೊಡೆದರೆ ಮಂಚದಡಿ ಸೇರಿ ಎರಡು ದಿನ ಅನ್ನ ಬಿಡುವ ಪ್ರಾಣಿ. ಅದಕ್ಕೇ ಗುಡಗಾಂವ್‌ನಿಂದಾಚೆ, ನಾಯಿಗೂ ಜಾಗ ಕೊಡುವ ಹೋಟೆಲೊಂದನ್ನು ಹುಡುಕಿದ್ದ.

"ಹಿರಿಯರಿಗೆ ಬಡಿಸೋದು?" ಹೆಂಡತಿ ಚಂಪಾ ಕೇಳಿದಳು.

"ಅಲ್ಲೇ ಬಡಿಸಿದರಾಯ್ತು! ಲಕ್ಷ್ಮೀ ನಗರದಲ್ಲಿ ಇಪ್ಪತ್ತು ವರ್ಷ ದೋಸೆ ಹೊಯ್ದವ ನಾನು. ನನಗೆ ಹೋಟೆಲಿನ ಭಯವಾ?"

ಅವರ ಊರ ಕಡೆ ಹಾಗೊಂದು ಪದ್ಧತಿ. ತೀರಿಕೊಂಡವರಿಗೆ ಇಷ್ಟವಾದದ್ದನ್ನು ಎಲೆಯಲ್ಲಿ ಬಡಿಸಿ, ಬಾಗಿಲು ಮುಚ್ಚಿ, ಮನೆಮಂದಿಯೆಲ್ಲ ಹೊರಗೆ ನಿಲ್ಲಬೇಕು. ಅವರು ಬಂದು ಉಂಡು ಹೋಗುವವರೆಗೆ ಯಾರೂ ಇಣುಕಬಾರದು.

ಅಮಾವಾಸ್ಯೆಯ ಮಧ್ಯಾಹ್ನ. ಹೋಟೆಲ್ ಕೋಣೆಯ ನೆಲದ ಮೇಲೆ ಬಾಳೆಎಲೆ. ಮನೆಯಿಂದ ಕ್ಯಾರಿಯರಿನಲ್ಲಿ ತಂದ ಕೋಳಿ ಸಾರು, ರೊಟ್ಟಿ, ಹುರಿದ ಮೀನು.

"ನಾಯಿ ಎಲ್ಲಿ?" ಚಂಪಾ ಕೇಳಿದಳು.

"ಕೆಳಗೆ, ವಾಚ್‌ಮನ್ ಹತ್ತಿರ."

ಹಸಿ ಸುಳ್ಳು! ವಾಚ್‌ಮನ್ ಬೊಳ್ಳುವನ್ನು ಕಂಡೊಡನೆ ಕುರ್ಚಿ ಹತ್ತಿ ನಿಂತಿದ್ದ. ಮೋನಪ್ಪ ನಾಯಿಯನ್ನು ಗುಟ್ಟಾಗಿ ಬಾತ್‌ರೂಮಿಗೆ ತಳ್ಳಿ ಬಾಗಿಲೆಳೆದಿದ್ದ.

ಎಲ್ಲರೂ ಹೊರಬಂದರು. ಕೋಣೆಯ ಬಾಗಿಲು ತನ್ನಷ್ಟಕ್ಕೇ ಬೀಗ ಹಾಕಿಕೊಂಡಿತು. ಅದನ್ನು ತೆರೆಯುವ ಕಾರ್ಡು ಒಳಗೇ ಉಳಿಯಿತು.

ಎರಡು ನಿಮಿಷ ಕಳೆಯಿತು. ಆಮೇಲೆ ಒಳಗಿನಿಂದ ಕೇಳಿಸಿತು: ಲೊಚ, ಲೊಚ, ಲೊಚ.

ಚಂಪಾ ಗಂಡನ ತೋಳು ಹಿಡಿದಳು. "ಇವರೇ... ಮಾವ ಬಂದಿದ್ದಾರೆ!"

"ಅಜ್ಜ ಸಚ್‌ಮುಚ್, ನಿಜವಾಗ್ಲೂ ಬಂದ್ರಾ ಮಮ್ಮಿ?" ಮಗಳು ಪ್ರಜ್ಞಾ ಗೋಡೆಗೆ ಒತ್ತಿಕೊಂಡಳು.

"ಶ್! ಅಜ್ಜ ಹೋದ ಹದಿನಾಲ್ಕು ವರ್ಷದಲ್ಲಿ ಇದೇ ಮೊದಲು." ಚಂಪಾಳ ಕಣ್ಣು ತುಂಬಿತ್ತು. ಗಂಡನ ತೋಳು ಬಿಟ್ಟು ಕೈ ಮುಗಿದಳು.

ಆ ಲೊಚಲೊಚ ಯಾರದೆಂದು ಮೋನಪ್ಪನಿಗೆ ಗೊತ್ತಿಲ್ಲವೇ! ಬಾತ್‌ರೂಮಿನ ಚಿಲಕ ಕೈಕೊಟ್ಟಿದೆ. ಅಷ್ಟಾಗಿದ್ದರೆ ನಗಬಹುದಿತ್ತು. ಹೋದ ವರ್ಷ ಕೋಳಿಮೂಳೆ ಗಂಟಲಿಗೆ ಸಿಕ್ಕಿ ಬೊಳ್ಳು ಸಾವಿನ ಬಾಗಿಲು ತಟ್ಟಿ ಬಂದಿತ್ತು. "ಇನ್ನೊಮ್ಮೆ ಹೀಗಾದರೆ ಉಳಿಯೋದಿಲ್ಲ" ಎಂದಿದ್ದರು ಡಾಕ್ಟರು.

"ಚಂಪಾ, ಬಾಗಿಲು ತೆಗೆಸೋಣ?"

"ಊಟದ ಮಧ್ಯೆಯಾ? ನಿಮಗೆ ತಲೆ ಸರಿ ಉಂಟಾ?"

ಒಳಗೆ "ಖೊಕ್! ಖೊಕ್!"

"ಮಾವನದೇ ಕೆಮ್ಮು!" ಚಂಪಾ ಬಾಗಿಲಿಗೇ ನಮಸ್ಕರಿಸಿದಳು.

ಆಮೇಲೆ ಸದ್ದೇ ಇಲ್ಲ. ಲೊಚಲೊಚವೂ ಇಲ್ಲ, ಕೆಮ್ಮೂ ಇಲ್ಲ. ಮೋನಪ್ಪ ಬಾಗಿಲಿಗೆ ಕಿವಿಯಿಟ್ಟರೂ ಏನೂ ಕೇಳಿಸಲಿಲ್ಲ.

"ಅದು ಅಪ್ಪ ಅಲ್ಲ ಚಂಪಾ! ಬೊಳ್ಳು! ನಾನೇ ಒಳಗೆ ಕೂಡಿಹಾಕಿದ್ದು!"

ಹೆಂಡತಿಯ ಮುಖ ನೋಡುವ ಧೈರ್ಯವಿಲ್ಲದೆ ಮೂರು ಮಹಡಿ ಧಡಧಡನೆ ಇಳಿದ. "ಭಯ್ಯಾ, ಜಲ್ದಿ! ಕಾರ್ಡ್!" ಎಂದು ಕೂಗಿ ರಿಸೆಪ್ಷನ್ನಿನವನನ್ನು ಕೈಹಿಡಿದು ಎಳೆದುಕೊಂಡೇ ಬಂದ.

ಬಾಗಿಲು ತೆರೆಯಿತು. ಎಲೆ ತೊಳೆದಿಟ್ಟಂತೆ ಹೊಳೆಯುತ್ತಿತ್ತು. ಬೊಳ್ಳು ಅದರ ಪಕ್ಕದಲ್ಲೇ ಮಗ್ಗುಲಾಗಿ ಬಿದ್ದಿತ್ತು.

ಮೋನಪ್ಪ ದೊಪ್ಪೆಂದು ಕುಸಿದು, ಅದರ ಬಾಯಿಗೆ ಎರಡು ಬೆರಳು ತುರುಕಿದ. "ಮೂಳೆ ನುಂಗಿಬಿಟ್ಟಿದೆ! ಡಾಕ್ಟರನ್ನು ಕರೀರಿ!"

ಬೊಳ್ಳು ಒಂದು ಕಣ್ಣು ತೆರೆದು, ಮೋನಪ್ಪನ ಮುಖಕ್ಕೇ ಭರ್ಜರಿಯಾಗಿ ತೇಗಿತು.

"ಯಾವ ಮೂಳೆ?" ಬಾಗಿಲಲ್ಲಿ ನಿಂತೇ ಚಂಪಾ ಕೇಳಿದಳು.

"ಕೋಳಿದು!"

"ಕೊನೆಗಾಲದಲ್ಲಿ ನಿಮ್ಮಪ್ಪನ ಬಾಯಲ್ಲಿ ಒಂದು ಹಲ್ಲಾದರೂ ಇತ್ತಾ? ಕೋಳಿಯ ಮೂಳೆ, ಮೀನಿನ ಮುಳ್ಳು ಬಿಡಿಸದೆ ನಾನು ಅವರಿಗೆ ಯಾವತ್ತೂ ಬಡಿಸಿದವಳಲ್ಲ." ಅವಳ ದನಿ ತಣ್ಣಗಿತ್ತು. "ವರ್ಷ ವರ್ಷ ಆಮೇಲೆ ಅದೇ ಎಲೆಗೆ ಕೂತು ಉಣ್ಣೋರು ನೀವೇ ಅಲ್ವಾ ಮಾರಾಯ್ರೆ? ಹದಿನಾಲ್ಕು ವರ್ಷದಲ್ಲಿ ಒಂದು ಸಲವಾದರೂ ಮೂಳೆ ಸಿಕ್ಕಿದೆಯಾ?"